ಮುನ್ಶಿ ಸಾಬರು ಕೇಳಗೊಡದ ಮಾತು

“ತಿಳೀತೇನು?” ಎಂದು ಮಕ್ಕಳನ್ನು ಒಂದು ಸಲವೂ ಕೇಳದೆ ಮೂವತ್ತೆಂಟು ವರ್ಷ ಖಾಯಂ ಮಾಸ್ತರಿಕೆ ಮಾಡಿದವನು ನಾನು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಕೇಳಿದ್ದರೆ ನನ್ನ ಆಯುಷ್ಯ ಎಷ್ಟೋ ಹಗುರವಾಗಿರುತ್ತಿತ್ತು. ಪಾಠ ಮುಗಿಸುವುದು, “ತಿಳೀತೇನ್ರೋ?” ಅನ್ನುವುದು, “ಹೂನ್ರೀ ಸರ್” ಎಂದು ಅವರು ಕೂಗುವುದು, ಕೈಗೆ ಹತ್ತಿದ ಸುಣ್ಣದ ಪುಡಿ ಝಾಡಿಸಿಕೊಂಡು ಮನೆಗೆ ಹೋಗುವುದು. ನನ್ನ ಜೊತೆಯವರು ಹೀಗೆಯೇ ನೌಕರಿ ಮಾಡಿ, ಹೀಗೆಯೇ ನಿವೃತ್ತರಾಗಿ, ಈಗಲೂ ಕಲ್ಲುಗುಂಡಿನ ಹಾಗೆ ಓಡಾಡಿಕೊಂಡಿದ್ದಾರೆ. ನಾನು ಸೋತು ಸುಣ್ಣವಾಗಿದ್ದೇನೆ. ಆ ಒಂದು ಮಾತು ಕೇಳುವಂತಿಲ್ಲ ಎಂದ ಮೇಲೆ ಮಗುವಿಗೆ ತಿಳಿಯಿತೋ ಇಲ್ಲವೋ ಎಂಬುದನ್ನು ಬೇರೆ ಹಾದಿಯಲ್ಲಿ ಹುಡುಕಬೇಕು. ಒಂದೊಂದು ಮಗುವಿಗೂ ಒಂದೊಂದು ಹಾದಿ, ಅದೂ ದಿನಾ ಹುಡುಕಬೇಕು.

ಈ ದಣಿವನ್ನು ನನ್ನ ಕೊರಳಿಗೆ ಕಟ್ಟಿದವರು ಒಬ್ಬರಿದ್ದರು. ಮೊನ್ನೆ ಅವರು ಬಹಳ ನೆನಪಾದರು. ನಮ್ಮ ಓಣಿಯ ಹುಡುಗಿಯೊಬ್ಬಳು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ತರಬೇತಿಗೆ ಸೇರಿದ್ದಾಳೆ. ಬಂದು ಕಟ್ಟೆಯ ಮೇಲೆ ಕುಳಿತು, “ಅಜ್ಜಾರ, ಮಕ್ಕಳ ಮುಂದ ನಿಂತ್ರ ಕಾಲು ನಡಗತಾವ. ನಿಮಗ ಪಾಠ ಮಾಡೂ ಧೈರ್ಯ ಹೆಂಗ ಬಂತ್ರೀ?” ಎಂದು ಕೇಳಿದಳು. ಬಂದಿದೆ ಎಂದು ನಿನಗೆ ಹೇಳಿದವರು ಯಾರವ್ವ ಎನ್ನಬೇಕೆಂದಿದ್ದೆ. ಪಾಪ, ಇನ್ನಷ್ಟು ಹೆದರಿಕೊಂಡಾಳು ಎಂದು ಏನೋ ನಾಲ್ಕು ಹಿತದ ಮಾತು ಹೇಳಿ ಕಳಿಸಿದೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಎಲ್ಲರೂ ಅವರನ್ನು ಮುನ್ಶಿ ಸಾಬರು ಅನ್ನುತ್ತಿದ್ದರು. ಹುಟ್ಟಿನಿಂದ ಲಿಂಗವಂತರು. ಕೊರಳಲ್ಲಿ ಲಿಂಗ, ಮೈಮೇಲೆ ಶೇರವಾನಿ, ನಾಲಗೆಯ ಮೇಲೆ ಉರ್ದು. ಸರಕಾರದ ಉರ್ದುವನ್ನು ಓದಿ ಬರೆಯಬಲ್ಲವರನ್ನೆಲ್ಲ ನಮ್ಮ ಕಡೆಯ ಜನ ಆಗ ಮುನ್ಶಿ ಎಂದೇ ಕರೆಯುತ್ತಿದ್ದರು. ಅವರೂ ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ. ಯಾವ ಊರಿನವನೋ ಅದೇ ಅವನ ಹೆಸರು. “ಏ ಸಿಂಧನೂರ, ಎದ್ದು ನಿಂದ್ರು.” “ಏ ಸಾಲಗುಂದ, ಹಲಗಿ ಒರಸು.” ನಾನು ಮಸ್ಕಿಯವನು. ಹೀಗಾಗಿ ಎಂಟು ತಿಂಗಳು ಒಂದು ಇಡೀ ಊರನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗಿದೆ. ನಾನು ತಪ್ಪು ಮಾಡಿದರೆ ಮಸ್ಕಿಯೇ ತಪ್ಪು ಮಾಡಿದಂತೆ ಅವರು ತಲೆಯಾಡಿಸುತ್ತಿದ್ದರು.

ಇದು ನಿಜಾಮರ ಕಾಲದ ಮಾತು. ಯುದ್ಧ ನಡೆದಿತ್ತು, ಬಸ್ಸುಗಳು ಎಣ್ಣೆ ಸಿಗದೆ ಇದ್ದಲಿ ಉರಿಸಿಕೊಂಡು ಓಡುತ್ತಿದ್ದವು. ಲಿಂಗಸುಗೂರಿನಲ್ಲಿ ಹಿಂದೆ ದಂಡಿನ ಛಾವಣಿ ಇದ್ದಾಗ ಕಟ್ಟಿದ ಒಂದು ಉದ್ದನೆಯ ಮನೆಯಲ್ಲಿ ನಮ್ಮ ಟ್ರೇನಿಂಗ್ ಕ್ಲಾಸು. ಒಂದು ಕಡೆ ನಾವು ಒಂಬತ್ತು ಮಂದಿ. ಇನ್ನೊಂದು ಕಡೆ, ನಾವು ಪಾಠ ಮಾಡಿ ಕೈ ಪಳಗಿಸಿಕೊಳ್ಳಲೆಂದು ನಡೆಸುತ್ತಿದ್ದ ಮಕ್ಕಳ ಶಾಲೆ. ನಾವೆಲ್ಲ ಹಳ್ಳಿಗಳಲ್ಲಿ ಉಮೇದುವಾರರಾಗಿ, ಅಂದರೆ ಎಂದಾದರೂ ಖಾಯಂ ಆದೀತು ಎಂಬ ಆಸೆಯ ಮೇಲೆ, ಎರಡು ಮೂರು ವರ್ಷ ಕಲಿಸಿ ಬಂದವರು. ಎಂಟು ತಿಂಗಳ ಕೊನೆಗೆ ಶಾಲೆ ತಪಾಸಣೆಯ ನಾಜಿರ್ ಸಾಹೇಬರು ಬಂದು ಒಬ್ಬೊಬ್ಬರ ಪಾಠ ನೋಡುವರು. ಅವರ ಮನಸ್ಸಿಗೆ ಬಂದರೆ ಸನದು ಎಂಬ ಒಂದು ಕಾಗದ. ಅದರ ಮೇಲೆ ಎರಡು ಸಹಿ ಬೀಳಬೇಕು, ಒಂದು ನಾಜಿರರದು, ಇನ್ನೊಂದು ಮುನ್ಶಿ ಸಾಬರದು. ಎರಡೂ ಬಿದ್ದರೆ ನೌಕರಿ ಖಾಯಂ. ಒಂದು ತಪ್ಪಿದರೂ ಮನೆಯ ಹಾದಿ ಹಿಡಿಯಬೇಕು.

ನನ್ನ ಮನೆಯ ಹಾದಿ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಪ್ಪ ಕಂಬಳಿ ನೇಯುತ್ತಿದ್ದ. ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮುಂಜಾನೆ ಕುಳಿತರೆ ಏಳುವುದು ಸಂಜೆಗೇ. ಉಣ್ಣೆಯ ಧೂಳು ಕುಡಿದು ಕುಡಿದು ಅವನ ಎದೆ ಸದಾ ಗೊರಗೊರ ಅನ್ನುತ್ತಿತ್ತು. ನಾನು ಹೊರಟ ದಿನ, “ಹೋಗಿ ಬಾ. ಆಗಲಿಲ್ಲಂದ್ರ ನಾಚಿಗಿ ಪಡಬ್ಯಾಡ. ಕುಣಿ ಎಲ್ಲಿಗೂ ಹೋಗೂದಿಲ್ಲ, ಇಲ್ಲೇ ಇರತದ” ಎಂದ. ಅವನು ಹೇಳಿದ್ದು ಧೈರ್ಯಕ್ಕೆ. ನನಗೆ ಮಾತ್ರ ಆ ಕುಣಿ ಬಾಯಿ ತೆರೆದುಕೊಂಡು ಕಾದಂತೆ ಕಾಣಿಸಿತು. ಆ ಎರಡು ಸಹಿಗಾಗಿ ನಾನು ಏನು ಬೇಕಾದರೂ ಮಾಡಲು ತಯಾರಿದ್ದೆ.

ಮುನ್ಶಿ ಸಾಬರಿಗೆ ಆಗ ಐವತ್ತು ದಾಟಿರಬೇಕು. ನೋಡಲು ಇನ್ನೂ ಹತ್ತು ವರ್ಷ ಹಿರಿಯರ ಹಾಗಿದ್ದರು. ಕರಿಯ ಶೇರವಾನಿ ತೊಳೆದು ತೊಳೆದು ಕಂದು ಬಣ್ಣಕ್ಕೆ ತಿರುಗಿತ್ತು, ಗುಂಡಿಗಳಲ್ಲಿ ಎರಡು ಬೇರೆ ಯಾವುದೋ ಅಂಗಿಯವು. ಕುಳಿತರೆ “ಉಸ್ಸಪ್ಪಾ”, ಎದ್ದರೆ “ಶಿವನೇ”. ಅವರು ಹಲಗೆಯ ಮುಂದೆ ನಿಂತು ಪಾಠ ಮಾಡಿದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಕಲಿಸುವುದು ಹೇಗೆ ಎಂದು ಕಲಿಸಬೇಕಾದವರು ಒಂದು ದಿನವೂ ಕಲಿಸಿ ತೋರಿಸಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು, ಇವರಿಗೆ ಬರುತ್ತದೋ ಇಲ್ಲವೋ ಎಂದು. ನಾವು ಪಾಠಕ್ಕೆ ನಿಂತಾಗ ಅವರು ಕೊನೆಯ ಸಾಲಿಗೆ ಹೋಗಿ ಮಕ್ಕಳ ನಡುವೆ ನೆಲದ ಮೇಲೆ ಕೂಡುತ್ತಿದ್ದರು. ಮೊಳಕಾಲು ಎದೆಗೆ ಹತ್ತುತ್ತಿತ್ತು. ಅಕ್ಕಪಕ್ಕದ ಕೂಸುಗಳು ಮೊದಮೊದಲು ಹೆದರಿ ಸರಿದುಕೊಂಡರೂ, ಬರಬರುತ್ತ ಆ ಶೇರವಾನಿಯ ತೋಳಿಗೆ ಮೂಗು ಒರೆಸುವಷ್ಟು ಸಲಿಗೆ ಬೆಳೆಸಿಕೊಂಡವು. ಅವರ ಕಣ್ಣು ನಮ್ಮ ಮೇಲೆ ಇರುತ್ತಲೇ ಇರಲಿಲ್ಲ. ಪಕ್ಕದ ಮಗುವಿನ ಪಾಟಿಯ ಮೇಲೆ ಇರುತ್ತಿತ್ತು.

ಪಾಠ ಮುಗಿದ ಮೇಲೆ ಚೆನ್ನಾಯಿತು, ಕೆಟ್ಟಿತು ಎಂಬ ಮಾತಿಲ್ಲ. ಒಂದೇ ಪ್ರಶ್ನೆ: “ಯಾರ ಮುಖ ನೋಡಿದಿ?” ಮೊದಲ ದಿನ ನನ್ನನ್ನು ಕೇಳಿದಾಗ, “ಎಲ್ಲಾರ ಮುಖಾನೂ ನೋಡೀನ್ರೀ ಸಾಬ್ರ” ಅಂದೆ.

“ಹಂಗಾದ್ರ ಮೂರನೇ ಸಾಲಿನ್ಯಾಗ ಕೆಂಪು ಪರಕಾರದ ಹುಡುಗಿ ಯಾಕ ಅಳಾಕತ್ತಿತ್ತು?”

ಕೆಂಪು ಲಂಗದ ಹುಡುಗಿಯೊಬ್ಬಳು ಅಲ್ಲಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಮಕ್ಕಳ ತಲೆಯಿಂದ ಒಂದು ಗೇಣು ಮೇಲೆ, ಹಿಂದಿನ ಗೋಡೆಯ ಬಿರುಕೊಂದನ್ನು ನೋಡಿಕೊಂಡು ಅರ್ಧ ತಾಸು ಪಾಠ ಹೇಳಿದ್ದೆ. ಆ ಬಿರುಕು ಈಗಲೂ ಕಣ್ಣಿಗೆ ಕಟ್ಟಿದೆ, ಆ ಮಕ್ಕಳಲ್ಲಿ ಅರ್ಧದಷ್ಟು ಮುಖ ನೆನಪಿಲ್ಲ.

ನಮ್ಮಲ್ಲಿ ಎದೆಗಾರನೆಂದರೆ ಸಿಂಧನೂರಿನವನು. ಎತ್ತರದ ಆಳು, ಗಟ್ಟಿ ಕಂಠ, ಉರ್ದು ನೀರು ಕುಡಿದಷ್ಟು ಸಲೀಸು. ಪಾಠ ಮುಗಿಯುತ್ತಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು “ಸಮ್ಝೇ?” ಅನ್ನುವನು. ತಿಳಿಯಿತೇ ಎಂದು ಅದರ ಅರ್ಥ. ನಲವತ್ತು ಮಕ್ಕಳು ಸೂರು ಹಾರಿಹೋಗುವಂತೆ “ಜೀ ಸಾಬ್!” ಎಂದು ಕೂಗುವವು. ಅದು ಕಿವಿಗೆ ಬಿದ್ದ ಕೂಡಲೇ ಅವನ ಎದೆ ಒಂದು ಗೇಣು ಅಗಲವಾಗುತ್ತಿತ್ತು. ನಮಗೂ ಆ ಕೂಗಿನ ಚಟ ಹತ್ತಿತು. ಪಾಠ ಎಷ್ಟೇ ಹಾಳಾಗಿರಲಿ, ಕೊನೆಗೆ ಆ “ಜೀ ಸಾಬ್” ಬಿತ್ತೆಂದರೆ ನಾನೂ ಒಬ್ಬ ಮಾಸ್ತರ ಎಂಬ ಭರವಸೆ ಮೈಗೆ ಬರುತ್ತಿತ್ತು. ಮರುದಿನ ಮತ್ತೆ ಹಲಗೆಯ ಮುಂದೆ ನಿಲ್ಲಲು ಅಷ್ಟು ಸಾಕಾಗುತ್ತಿತ್ತು.

ಎರಡನೆಯ ತಿಂಗಳು ಮುನ್ಶಿ ಸಾಬರು ಅದನ್ನೇ ಬಂದ್ ಮಾಡಿದರು.

“ಇವತ್ತಿನಿಂದ ‘ಸಮ್ಝೇ’ ಅನ್ನೂಹಂಗಿಲ್ಲ. ‘ತಿಳೀತೇನು’ ಅನ್ನೂದೂ ಇಲ್ಲ. ಅಂದಾವ ಆ ದಿನದ ಪಾಠನೇ ಮಾಡಿಲ್ಲ ಅಂತ ತಿಳಕೋತೀನಿ.”

“ಮತ್ತ ಮಕ್ಕಳಿಗೆ ತಿಳದದ್ದು ನಮಗ ಹೆಂಗ ಗೊತ್ತಾಗಬೇಕ್ರೀ ಸಾಬ್ರ?” ಸಿಂಧನೂರಿನವನು ಕೇಳಿದ.

“ಅದನ್ನ ಹುಡುಕೂದಕ್ಕನ ಮಾಸ್ತರಿಕಿ ಅಂತಾರಪ್ಪ,” ಎಂದವರು “ಉಸ್ಸಪ್ಪಾ” ಎಂದು ಕುಳಿತರು.

ಯಾಕೆಂದು ಬಹಳ ಗಂಟುಬಿದ್ದ ಮೇಲೆ ಒಂದು ಮಧ್ಯಾಹ್ನ ಹೇಳಿದರು. ಹರೆಯದಲ್ಲಿ ಅವರು ಒಂದು ಹಳ್ಳಿಯಲ್ಲಿ ಆರು ವರ್ಷ ಮಾಸ್ತರಾಗಿದ್ದರಂತೆ. ಮಕ್ಕಳ ಮನೆಮಾತೆಲ್ಲ ಕನ್ನಡ, ಪಾಠವೆಲ್ಲ ಉರ್ದು. ದಿನಾ ಕೊನೆಗೆ ಇವರದು “ಸಮ್ಝೇ?”, ಅವುಗಳದು “ಜೀ ಸಾಬ್”. ಒಂದು ರಜೆಯ ದಿನ ಬಾವಿಯ ಕಡೆಯಿಂದ ಬರುವಾಗ ಹುಣಸೆಯ ಮರದ ಕೆಳಗೆ ಮಕ್ಕಳು ಸಾಲಿಯಾಟ ಆಡುತ್ತಿದ್ದವು. ಒಂದು ಮಗು ಮಾಸ್ತರ, ಉಳಿದವು ಎದುರಿಗೆ ಕುಳಿತಿದ್ದವು. ಮಾಸ್ತರನಾದ ಮಗು ಉರ್ದುವಿನ ಹಾಗೆ ಕೇಳಿಸುವಂಥದೇನೋ ಬಾಯಿಗೆ ಬಂದಂತೆ ಒದರಿತು. ಆಮೇಲೆ ಕೈ ಬೆನ್ನಿಗೆ ಕಟ್ಟಿಕೊಂಡು “ಸಮ್ಝೇ?” ಅಂದಿತು. ಉಳಿದವು “ಜೀ ಸಾಬ್!” ಎಂದು ಕೂಗಿ ಎದ್ದು ದಿಕ್ಕಾಪಾಲಾಗಿ ಓಡಿದವು. ಮುನ್ಶಿ ಸಾಬರು ಓಡುವ ಒಂದು ಹುಡುಗಿಯನ್ನು ಹಿಡಿದು ನಿಲ್ಲಿಸಿ, “ಸಮ್ಝೇ ಅಂದ್ರ ಏನಬೇ?” ಎಂದು ಕೇಳಿದರು. “ಸಾಲಿ ಬಿಡ್ತು ಅಂದಂಗ್ರೀ” ಅಂದಿತಂತೆ ಅದು.

“ಆರು ವರ್ಷ,” ಎಂದು ಅವರು ನಮ್ಮ ಮುಂದೆ ಬೆರಳು ಮಡಚಿ ತೋರಿಸಿದರು. “ಆರು ವರ್ಷ ನಾ ದಿನಾ ‘ಸಾಲಿ ಬಿಡ್ತೇನ್ರೋ’ ಅಂತ ಕೇಳೀನಿ. ಅವು ‘ಬಿಡ್ತ್ರೀ’ ಅಂದಾವ.”

ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ನಗೆಯೂ ನಿಂತಿತು.

ಆ ಮಾತು ಬಂದ್ ಆದ ಮೇಲೆ ನಮ್ಮ ಪಾಡು ಯಾರಿಗೂ ಬೇಡ. ಪಾಠ ಎಲ್ಲಿ ಮುಗಿಸಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಕೊನೆಗೆ ಸುಮ್ಮನೆ ನಿಂತುಬಿಡುತ್ತಿದ್ದೆವು, ಮಕ್ಕಳೂ ಸುಮ್ಮನೆ ನಮ್ಮನ್ನು ನೋಡುತ್ತಿದ್ದವು. ಎರಡು ಮೂರು ವರ್ಷ ಹಳ್ಳಿಗಳಲ್ಲಿ ಕಲಿಸಿ ಬಂದವರು ನಾವು. ಬರುವಾಗ ಇದ್ದ ಧೈರ್ಯದಲ್ಲಿ ಕಾಲುಭಾಗವೂ ಉಳಿಯಲಿಲ್ಲ. ನಾನಂತೂ ಮಗ್ಗದ ಕುಣಿಯನ್ನು ದಿನಕ್ಕೆ ಹತ್ತು ಸಲ ನೆನೆಯುತ್ತಿದ್ದೆ. ಇವರು ನಮ್ಮನ್ನು ಮಾಸ್ತರರನ್ನಾಗಿ ಮಾಡಲು ಬಂದವರೋ, ಇದ್ದ ಮಾಸ್ತರಿಕೆಯನ್ನು ಬಿಡಿಸಲು ಬಂದವರೋ ಎಂದು ಸಿಟ್ಟು ಬರುತ್ತಿತ್ತು.

ಆದರೂ ಒಮ್ಮೊಮ್ಮೆ ಅವರು ಮಗುವಿನ ಪಾಟಿಯಲ್ಲಿ ಏನು ಕಾಣುತ್ತಿದ್ದರು ಎಂಬುದು ನಮಗೂ ಕಾಣುತ್ತಿತ್ತು. ಒಂದು ದಿನ ಸಾಲಗುಂದದವನು ಕನ್ನಡ ಬರೆಸುತ್ತಿದ್ದ. ಕಮಲ ಎಂದು ಬರೆಯಿರಿ ಅಂದ. ಒಂದು ಮಗು ‘ಲಮಕ’ ಎಂದು ಬರೆದು ತೋರಿಸಿತು. ಇವನು ಸಿಟ್ಟಿಗೆದ್ದು ಛಡಿ ಎತ್ತಿದ. ಹಿಂದಿನ ಸಾಲಿನಿಂದ “ಶಿವನೇ” ಕೇಳಿಸಿತು. ಮುನ್ಶಿ ಸಾಬರು ಎದ್ದು ಬಂದು ಆ ಪಾಟಿಯನ್ನು ತಮ್ಮ ಕೈಗೆ ತೆಗೆದುಕೊಂಡರು.

“ಮುಂಜಾನಿ ಇದಕ್ಕ ಉರ್ದು ಬರೆಸಿದವರು ಯಾರು?”

“ನಾನ್ರೀ ಸಾಬ್ರ.”

“ಯಾ ಕಡಿಂದ ಯಾ ಕಡಿಗೆ?”

“ಬಲಕ್ಕಿಂದ ಎಡಕ್ಕರೀ.”

“ಹಾಂ. ಅದು ನೀ ಕಲಿಸಿದಂಗ ಬಲಕ್ಕಿಂದ ಎಡಕ್ಕ ಬರದದ. ಮೂರೂ ಅಕ್ಷರ ಸರಿ ಅದಾವ. ಎಲ್ಲಿಂದ ಶುರು ಮಾಡಬೇಕಂತ ಹೇಳಲಾರದ್ದು ನೀನು. ಆ ಛಡಿ ಯಾರ ಬೆನ್ನಿಗೆ ಬೀಳಬೇಕು, ಹೇಳು?”

ಸಾಲಗುಂದದವನು ಛಡಿಯನ್ನು ಮೂಲೆಗೆ ಇಟ್ಟ. ಆ ಮಗು ಮಾತ್ರ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತ ನಿಂತಿತ್ತು.

ಅವರ ಮನೆಯವರದು ಇನ್ನೊಂದು ತರದ ಗೋಳು. ಹಬ್ಬಕ್ಕೆ ಊರಿಗೆ ಹೋಗದೆ ಉಳಿದವರನ್ನು ಮುನ್ಶಿ ಸಾಬರು ಊಟಕ್ಕೆ ಕರೆಯುತ್ತಿದ್ದರು. ಆ ತಾಯಿ ಬಿಸಿ ರೊಟ್ಟಿ ನೀಡುತ್ತ ನಮ್ಮ ಮುಂದೆಯೇ ಹೇಳಿದ್ದರು, “ಇವರು ಮನ್ಯಾಗೂ ಹಿಂಗ ನೋಡ್ರಪ್ಪ. ಪಲ್ಯಾಕ್ಕ ಉಪ್ಪು ಸರಿ ಆಗೈತೇನ್ರಿ ಅಂದ್ರ ಹೂಂ ಅನ್ನೂದಿಲ್ಲ, ಊಂಹೂಂ ಅನ್ನೂದಿಲ್ಲ. ಇನ್ನೊಂದು ತುತ್ತು ಉಂಡು ನೋಡ್ತೀನಿ ಅಂತಾರ. ಮೂವತ್ತು ವರ್ಷ ಆತು, ಇನ್ನೂ ನೋಡಾಕತ್ಯಾರ.” ಮುನ್ಶಿ ಸಾಬರು ತಲೆ ಎತ್ತದೆ ಉಂಡರು. ಅವರ ಮೀಸೆಯೊಳಗೆ ಒಂದು ನಗೆ ಇದ್ದಂತೆ ನನಗೆ ಅನಿಸಿತು, ಖಾತ್ರಿಯಿಲ್ಲ.

ಈ ಹೊಗಳದ ಸ್ವಭಾವವನ್ನು ನಾನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ. ನಮ್ಮೊಂದಿಗೆ ವಳಕಮದಿನ್ನಿಯವನೊಬ್ಬ ಇದ್ದ. ಮಾತು ಕಡಿಮೆ, ದನಿ ಸಣ್ಣದು. ಆದರೆ “ಯಾರ ಮುಖ ನೋಡಿದಿ?” ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಹೇಳಬಲ್ಲವನು ಅವನೊಬ್ಬನೇ. ಯಾವ ಮಗು ಹಸಿದು ಬಂದಿತ್ತು, ಯಾವುದು ಪಕ್ಕದವನ ಪಾಟಿ ನೋಡಿ ಬರೆಯಿತು, ಎಲ್ಲ ಹೇಳುವನು. ಮುನ್ಶಿ ಸಾಬರು “ಹೂಂ” ಎಂದು ಮುಂದಿನವನ ಕಡೆ ತಿರುಗುವರು. ದಿನಾ ಅದೇ “ಹೂಂ”. ಅದು ಮೆಚ್ಚಿಕೆ ಎಂದು ನಮಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ನಾವೂ ಅದನ್ನು ಅವನಿಗೆ ಹೇಳಲಿಲ್ಲ. ಐದನೆಯ ತಿಂಗಳು ಒಂದು ಮುಂಜಾನೆ ನೋಡಿದರೆ ಅವನ ಹಾಸಿಗೆ, ಗಂಟು ಎರಡೂ ಇರಲಿಲ್ಲ.

ಮುನ್ಶಿ ಸಾಬರು ಅಂದೇ ಹೊರಟರು. ವಳಕಮದಿನ್ನಿಯ ಕಡೆ ಆಗ ಇನ್ನೂ ಕಾಲುವೆ ಬಂದಿರಲಿಲ್ಲ, ಎಲ್ಲ ಎರೆಹೊಲದ ಹಾದಿ. ಒಂದಿಷ್ಟು ದೂರ ಬಂಡಿ, ಒಂದಿಷ್ಟು ದೂರ ನಡಿಗೆ. ನಾಲ್ಕನೆಯ ದಿನ ಒಬ್ಬರೇ ತಿರುಗಿ ಬಂದರು. ಚಪ್ಪಲಿ ಬಿಚ್ಚಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. “ಉಸ್ಸಪ್ಪಾ” ಅನ್ನಲಿಲ್ಲ.

“ಬರೂದಿಲ್ಲಂತ. ‘ನನ್ನಿಂದ ಏನೂ ಆಗೂದಿಲ್ಲ ಅಂತ ನಿಮಗೂ ಗೊತ್ತೈತ್ರಿ, ಅದಕ್ಕ ಬರೇ ಹೂಂ ಅಂತಿದ್ರಿ’ ಅಂದ.” ಕಾಲಿಗೆ ಮೆತ್ತಿದ ಎರೆಮಣ್ಣು ಕೆರೆಯುತ್ತ ಅಂದರು, “ಅವ ನನಗಿಂತ ಚೊಲೊ ಮಾಸ್ತರ ಆಗತಿದ್ದ. ಬಾಯಿ ಬಿಟ್ಟು ಒಂದು ಮಾತು ಹೇಳಬೇಕಿತ್ತು. ನಾ ಹೇಳಲಿಲ್ಲ.”

ಇಷ್ಟಾದ ಮೇಲಾದರೂ ಅವರು ಹೊಗಳುವುದನ್ನು ಕಲಿತರು ಎಂದುಕೊಂಡರೆ ತಪ್ಪು. ಮರುದಿನ ಮತ್ತೆ ಕೊನೆಯ ಸಾಲು, ಮತ್ತೆ “ಯಾರ ಮುಖ ನೋಡಿದಿ?” ಆದರೆ ಅಂದಿನಿಂದ ಕೇಳುವಾಗ ದನಿ ಸ್ವಲ್ಪ ತಗ್ಗಿತು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಿಜಾಮರ ಆಳಿಕೆ ಹೋಗಿ, ಪಾಠವೆಲ್ಲ ಕನ್ನಡಕ್ಕೆ ತಿರುಗಿ ಎಷ್ಟೋ ವರ್ಷಗಳ ಮೇಲೆ. ಸುದ್ದಿ ತಂದವನಿಗೆ ಅವರ ಬಗ್ಗೆ ಹೇಳಲು ಬಹಳವೇನೂ ಇರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಪಾಠ ಮಾಡುತ್ತಿರಲಿಲ್ಲವಂತೆ ಹೌದೇನು ಎಂದು ಕೇಳಿದ. ನಾನು ಹೌದು ಅಂದೆ.

ಇನ್ನು ನನ್ನ ಪರೀಕ್ಷೆಯ ಮಾತು. ನಾಜಿರ್ ಸಾಹೇಬರು ಬಂದರು. ವಯಸ್ಸಾದವರು, ಮೃದು ಮಾತಿನವರು, ಹಾದಿಯ ಧೂಳಿಗೆ ಕೆಮ್ಮುತ್ತಿದ್ದರು. ಮೊದಲು ಸಿಂಧನೂರಿನವನ ಪಾಠ. ಅವನು ಎಂದಿನಂತೆ ಗುಡುಗುತ್ತಾನೆ, ಕೊನೆಗೆ “ಸಮ್ಝೇ” ಅಂದೇ ಅನ್ನುತ್ತಾನೆ ಎಂದು ನಾವು ತಿಳಿದಿದ್ದೆವು. ಅವನು ಅನ್ನಲಿಲ್ಲ. ಪಾಠ ಮುಗಿಸಿ ಒಂದೊಂದೇ ಮಗುವಿನ ಹತ್ತಿರ ಹೋಗಿ ಲೆಕ್ಕ ಮಾಡಿಸಿದ. ಅರ್ಧ ಮಕ್ಕಳು ತಪ್ಪು ಮಾಡಿದವು. ನಾಜಿರರ ಮುಂದೆಯೇ ಅವನ ಮಾನ ಹೋಯಿತು, ಬೆವರಿ ನೀರಾದ. ಹೇಗೋ ಪಾಸಾದ. ಮುನ್ಶಿ ಸಾಬರು ಅವನ ಕಾಗದಕ್ಕೆ ಅಲ್ಲೇ ನಿಂತು ಸಹಿ ಮಾಡಿದರು.

ಆಮೇಲೆ ನನ್ನ ಸರದಿ. ನನಗೆ ಬಂದ ಪಾಠ ದಿಕ್ಕುಗಳು. ಉರ್ದುವಿನಲ್ಲಿ ಪೂರ್ವಕ್ಕೆ ಮಶ್ರಿಕ್, ಪಶ್ಚಿಮಕ್ಕೆ ಮಗ್ರಿಬ್, ದಕ್ಷಿಣಕ್ಕೆ ಜುನೂಬ್, ಉತ್ತರಕ್ಕೆ ಶುಮಾಲ್. ಗೋಡೆಗೆ ನಕ್ಷೆ ತೂಗುಹಾಕಿದ್ದೆ. ನಕ್ಷೆಯ ಮೇಲಿನ ಅಂಚಿಗೆ ಕೋಲು ಇಟ್ಟು ಇದು ಶುಮಾಲ್ ಎಂದು ಹತ್ತು ಸಲ ಹೇಳಿದೆ, ಮಕ್ಕಳಿಂದ ಹತ್ತು ಸಲ ಹೇಳಿಸಿದೆ. ದನಿ ನಡುಗಲಿಲ್ಲ. ನಾಜಿರ್ ಸಾಹೇಬರು ಒಂದು ಮಗುವನ್ನು ಕರೆದು ಶುಮಾಲ್ ಎಲ್ಲಿದೆ ಎಂದು ಕೇಳಿದರು. ಅದು ನೆಟ್ಟಗೆ ಹೋಗಿ ತುದಿಗಾಲಲ್ಲಿ ನಿಂತು ನಕ್ಷೆಯ ಮೇಲಿನ ಅಂಚಿಗೆ ಬೆರಳು ಇಟ್ಟಿತು. “ಶಾಬಾಶ್” ಅಂದರು. ಆಮೇಲೆ ನನ್ನ ಮುಖ ನೋಡಿದರು. ಅವರ ಲೇಖನಿ ಕಾಗದದ ಮೇಲೆ ಗೆರೆ ಹಾಕಿದ ಒಂದು ಖಾಲಿ ಮನೆಯ ಹತ್ತಿರ ನಿಂತಿತ್ತು. ಮಕ್ಕಳಿಗೆ ತಿಳಿಯಿತೇ ಎಂದು ಮಾಸ್ತರ ವಿಚಾರಿಸಿದನೋ ಇಲ್ಲವೋ, ಅದನ್ನು ತುಂಬುವ ಮನೆ ಅದು ಎಂದು ನಮಗೆಲ್ಲ ಗೊತ್ತಿತ್ತು.

ಸಿಂಧನೂರಿನವನ ಹಾಗೆ ನಾನೂ ಮಕ್ಕಳ ನಡುವೆ ಹೋಗಬಹುದಿತ್ತು. ಹೋದರೆ ಏನು ಹೊರಬೀಳುತ್ತದೋ ಎಂಬ ಭಯ. ಅಪ್ಪನ ಎದೆಯ ಗೊರಗೊರ ಕಿವಿಯಲ್ಲಿ ಕೇಳಿಸಿದಂತಾಯಿತು. ಕೊನೆಯ ಸಾಲಿನ ಕಡೆ ನೋಡದೆ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, “ಸಮ್ಝೇ?” ಅಂದೆ.

“ಜೀ ಸಾಬ್!”

ಲೇಖನಿ ಆ ಮನೆಯನ್ನು ತುಂಬಿತು. ಒಂಬತ್ತರಲ್ಲಿ ಉಳಿದಿದ್ದ ಎಂಟು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚಿನ ಶಾಬಾಶ್‌ಗಿರಿ ನನಗೇ ಸಿಕ್ಕಿತು. ನಾಜಿರರ ಸಹಿ ಬಿದ್ದ ಕಾಗದವನ್ನು ಹಿಡಿದುಕೊಂಡು ಮುನ್ಶಿ ಸಾಬರ ಮುಂದೆ ನಿಂತೆ. ಅವರು ಕಾಗದ ನೋಡಲಿಲ್ಲ. “ನಾಳೆ ಮುಂಜಾನಿ ಸಾಲಿ ಅಂಗಳಕ್ಕ ಬಾ. ಕಾಗದನೂ ತಗೊಂಡು ಬಾ” ಅಂದರು.

ಮರುದಿನ ಗಂಟು ಕಟ್ಟಿಕೊಂಡೇ ಹೋದೆ. ಮಧ್ಯಾಹ್ನದ ಬಸ್ಸಿಗೆ ಮಸ್ಕಿಗೆ ಹೋಗಬೇಕು, ಸನದನ್ನು ಅಪ್ಪನ ಕೈಗೆ ಕೊಡಬೇಕು ಎಂಬ ಒಂದೇ ಆಸೆ. ಅಂಗಳದಲ್ಲಿ ಬೇವಿನ ಮರದ ಹತ್ತಿರ ನಿನ್ನೆಯ ಮಕ್ಕಳೇ ನಿಂತಿದ್ದವು. ಮುನ್ಶಿ ಸಾಬರು ಮೆಟ್ಟಿಲ ಮೇಲೆ ಕುಳಿತಿದ್ದರು.

“ಸಾಬ್ರ, ತಪ್ಪಾತ್ರೀ. ಹೆದರಿಕಿ ಆತ್ರೀ. ಸಹಿ ಮಾಡ್ರೀ, ಇಲ್ಲಂದ್ರ ನಾ ಮನಿಗೆ ಹೆಂಗ ಹೋಗ್ಲಿ?”

“ಸಹಿ ಮಾಡಾಕ ನಂದೇನೂ ತಕರಾರಿಲ್ಲ. ಆದರ ನಿನ್ನಿ ನೀ ಪಾಠ ಮಾಡಿಲ್ಲ. ಇವತ್ತು ಮಾಡು. ಶುಮಾಲ್ ಕಡೆ ಮುಖ ಮಾಡ್ರಿ ಅಂತ ಹೇಳು ಇವರಿಗೆ.”

ಇಷ್ಟೇ ತಾನೇ ಎನಿಸಿತು. ಗಟ್ಟಿಯಾಗಿ ಹೇಳಿದೆ. ನಲವತ್ತು ಮಕ್ಕಳೂ ಒಟ್ಟಿಗೆ ಕತ್ತು ಎತ್ತಿ ಆಕಾಶ ನೋಡಿದವು.

ಒಂದೂ ತಪ್ಪಲಿಲ್ಲ. ನಿನ್ನೆ ಶಾಬಾಶ್ ಪಡೆದ ಮಗು ಬೆರಳನ್ನೂ ಮೇಲಕ್ಕೆ ಎತ್ತಿ ತೋರಿಸುತ್ತಿತ್ತು. ನಾನು ಹತ್ತು ಸಲ ಹೇಳಿಸಿದ್ದೆನಲ್ಲ, ನಕ್ಷೆಯ ಮೇಲೆ ಎಲ್ಲಿ ಕೋಲು ಇಟ್ಟಿದ್ದೆ? ಮೇಲೆ. ಅವು ಕಲಿತದ್ದೂ ಅದನ್ನೇ. ಆ ಗೋಡೆ ಇದ್ದದ್ದು ದಕ್ಷಿಣಕ್ಕೆ, ನಿಜವಾದ ಉತ್ತರ ಇಡೀ ಪಾಠದುದ್ದಕ್ಕೂ ಅವುಗಳ ಬೆನ್ನ ಹಿಂದೆ ಇತ್ತು ಎಂಬುದು ನನಗೇ ಆಗ ಹೊಳೆಯಿತು. ನಾಚಿಕೆಯಿಂದ ಅಳು ಬಂತು. ಮಕ್ಕಳು ಕಣ್ಣಿಗೆ ಬಿಸಿಲು ಬಡಿದರೂ ಮುಖ ಇಳಿಸದೆ, ಮಾಸ್ತರ ಹೇಳಿದ್ದಾನೆಂದು ಮೇಲೆಯೇ ನೋಡುತ್ತಿದ್ದವು.

“ನೀವು ಒಂದು ಸಲ ಹೇಳಿಕೊಡ್ರಿ ಸಾಬ್ರ,” ಅಂದೆ. “ನನಗ ತಿಳೀವಲ್ದು.”

“ನನಗ ಬರತಿದ್ರ ಎಂಟು ತಿಂಗಳದಾಗ ಒಂದು ದಿನಾರ ಎದ್ದು ತೋರಸ್ತಿದ್ದಿಲ್ಲೇನೊ?” ಮುನ್ಶಿ ಸಾಬರು ಮೊಳಕಾಲು ತಿಕ್ಕಿಕೊಳ್ಳುತ್ತ ಅಂದರು. “ಆ ಹಳ್ಳಿ ಬಿಟ್ಟ ಮ್ಯಾಲ ಹಲಗಿ ಮುಂದ ನಿಂತ್ರ ನನಗ ಬಾಯಿ ಏಳೂದಿಲ್ಲ. ಎಲ್ಲಾ ಎದ್ದು ಓಡಿಹೋಗತಾವ ಅನಸ್ತದ. ತಿಳದಿಲ್ಲ ಅನ್ನೂದು ನನಗ ಕಾಣತದ, ಅಷ್ಟ. ತಿಳಿಸೂದು ನನ್ನ ಕೈಲೆ ಆಗೂದಿಲ್ಲ. ನಿನ್ನ ಕೈಲೆ ಆಗತದೋ ಇಲ್ಲೋ, ಅದೂ ನನಗ ಗೊತ್ತಿಲ್ಲ. ಇವು ನಿಂತಾವ ನೋಡು.”

ಅಂಥ ಮಾತನ್ನು ನನಗೆ ಯಾವ ಹಿರಿಯರೂ ಹೇಳಿರಲಿಲ್ಲ. ನನ್ನ ಹಿಂದೆ ಆಸರೆಯೆಂದು ಯಾರೂ ಇಲ್ಲ ಎಂದು ತಿಳಿದ ಮೇಲೆ ಮಕ್ಕಳ ಕಡೆ ತಿರುಗದೆ ಬೇರೆ ಹಾದಿ ಇರಲಿಲ್ಲ. ಉರ್ದು ಬಿಟ್ಟು ನಮ್ಮ ಮಾತಿನಲ್ಲೇ ಕೇಳಿದೆ, “ಕೃಷ್ಣಾ ಹೊಳಿ ನೋಡಿದವರು ಯಾರ್ಯಾರದೀರಿ?” ಹತ್ತು ಹನ್ನೆರಡು ಮುಖ ಕೆಳಗಿಳಿದವು, ಕೈ ಎದ್ದವು. “ಇಲ್ಲಿಂದ ಹೊಳಿಗೆ ಯಾ ಕಡೆ ಹೋಗತೀರಿ?” ಅವು ತಿರುಗಿ ನಿಂತು ಕೈ ತೋರಿಸಿದವು. “ಹಾಂ, ಹೊಳಿ ಕಡೆ ಶುಮಾಲ್. ಬಡಗಣ ದಿಕ್ಕು. ಮ್ಯಾಲಲ್ಲ.” ಕೆಲವು ತಿರುಗಿದವು. ಕೆಲವು ಪಕ್ಕದವರನ್ನು ನೋಡಿ ತಿರುಗಿದವು, ಅದು ನನಗೆ ಕಾಣಿಸಿತು. ಅವುಗಳನ್ನು ಬೇರೆ ಮಾಡಿ ನಿಲ್ಲಿಸಿ, ನಿಮ್ಮ ಮನೆಯ ಬಾಗಿಲು ಯಾವ ಕಡೆ, ಹೊತ್ತು ಯಾವ ಕಡೆ ಹುಟ್ಟುತ್ತದೆ ಎಂದು ಒಂದೊಂದನ್ನೇ ಕೇಳುತ್ತ ಹೋದೆ. ಬಿಸಿಲು ಏರಿತು. ಬಸ್‌ಸ್ಟ್ಯಾಂಡಿನ ಕಡೆ ಇದ್ದಲಿಯ ಹೊಗೆ ಎದ್ದದ್ದನ್ನು ಒಮ್ಮೆ ನೋಡಿದ ನೆನಪು.

ಮುನ್ಶಿ ಸಾಬರು ನನ್ನ ಗಂಟಿನ ಮೇಲಿದ್ದ ಕಾಗದವನ್ನು ಯಾವಾಗ ಎತ್ತಿಕೊಂಡರೋ, ಯಾವಾಗ ತೊಡೆಯ ಮೇಲಿಟ್ಟು ಸಹಿ ಮಾಡಿದರೋ ನನಗೆ ತಿಳಿಯದು.

“ಏ ಮಸ್ಕಿ, ತಗೋ ನಿನ್ನ ಸನದು,” ಎಂದು ಕರೆದರಂತೆ. ನನಗೆ ಕೇಳಿಸಲಿಲ್ಲ. ಎದ್ದು ಹತ್ತಿರ ಬಂದು ಕಾಗದ ಚಾಚಿ ಮತ್ತೆ ಅಂದರು, “ತಗೋಳೊ. ಬಸ್ಸು ಹೋಗತದ.”

ನಾನು ಒಂದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ತಿರುಗಲಿಲ್ಲ.

“ತಡೀರಿ ಸಾಬ್ರ,” ಅಂದೆ, “ಇನ್ನೂ ಮೂರು ಮಂದಿ ಮ್ಯಾಲೇ ನೋಡಾಕತ್ಯಾರ.”